ನಿಧಾನವಾಗಿದ್ದಾರೆ, ಹಟ ಮಾಡುತ್ತಿಲ್ಲ: ವ್ಯಾಸ್ಕುಲರ್ ಡಿಮೆನ್ಷಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕಾಯಿಲೆ ಬಂದಿದ್ದ ನನ್ನ ತಂದೆಯನ್ನು ಏಳು ವರ್ಷ ನೋಡಿಕೊಂಡೆ. ಅವರು ಹೋದ ಮೇಲೂ ಇಂಥದ್ದೇ ಮನೆಗಳವರು ಮಾತಾಡಿಸುವುದು, ಕಾಗದ ಬರೆಯುವುದು ನಿಂತಿಲ್ಲ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ವೈದ್ಯನಲ್ಲ. ಯಾವ ಮಾತ್ರೆ, ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು, ಅವರು ಹೇಳಿದ್ದು ಏನು ಎಂದು ತಿಳಿಯಲು ಇದು ನೆರವಾದೀತು.

## ಮೊದಮೊದಲ ಪ್ರಶ್ನೆಗಳು

ಡಾಕ್ಟರು "ವ್ಯಾಸ್ಕುಲರ್ ಡಿಮೆನ್ಷಿಯಾ" ಅಂದರು. ಹಾಗಂದರೆ ಏನು?

ಮಿದುಳಿಗೆ ರಕ್ತ ಸರಿಯಾಗಿ ಹರಿಯದೆ ಅಲ್ಲಿನ ಭಾಗಗಳು ಹಾಳಾಗಿ, ಅದರಿಂದ ಯೋಚನೆ, ನೆನಪು, ನಡವಳಿಕೆ ಕುಸಿಯುವುದು. ವ್ಯಾಸ್ಕುಲರ್ ಎಂದರೆ ರಕ್ತನಾಳಕ್ಕೆ ಸಂಬಂಧಿಸಿದ್ದು. ಮಿದುಳಿನ ತೂಕ ದೇಹದ ತೂಕದ ಸುಮಾರು ನೂರಕ್ಕೆ 2 ಭಾಗ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಂಡು ಆಮೇಲೆ ಬಳಸುವ ಶಕ್ತಿ ಅದಕ್ಕಿಲ್ಲ. ಹರಿವು ಕೆಲವೇ ನಿಮಿಷ ನಿಂತರೂ ಜೀವಕೋಶಗಳು ಸಾಯತೊಡಗುತ್ತವೆ. ಹರಿವು ಪೂರ್ತಿ ನಿಲ್ಲದೆ ವರ್ಷಗಟ್ಟಲೆ ಸಾಲದೇ ಹೋದರೂ ಮಿದುಳು ಸವೆಯುತ್ತದೆ.

ಇದು ಆಲ್‌ಝೈಮರ್ ತಾನೇ? ಹೆಸರು ಬೇರೆ ಅಷ್ಟೇ ಅಲ್ಲವಾ?

ಅಲ್ಲ. ಡಿಮೆನ್ಷಿಯಾ ಎನ್ನುವುದು "ಜ್ವರ" ಎಂದ ಹಾಗೆ, ಒಂದು ಸ್ಥಿತಿಯ ಹೆಸರು. ಅದಕ್ಕೆ ಕಾರಣಗಳು ಹಲವು. ಎಲ್ಲಕ್ಕಿಂತ ಹೆಚ್ಚು ಕಾಣುವುದು ಆಲ್‌ಝೈಮರ್ ಕಾಯಿಲೆ. ಅದರಲ್ಲಿ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ಮಿದುಳಿನಲ್ಲಿ ಜಮೆಯಾಗುತ್ತವೆ. ಎರಡನೆಯ ಸ್ಥಾನ ಸಾಮಾನ್ಯವಾಗಿ ವ್ಯಾಸ್ಕುಲರ್ ಬಗೆಗೆ. ಆಲ್‌ಝೈಮರ್‌ನಲ್ಲಿ ಹೊಸ ನೆನಪು ಮೊದಲು ಜಾರುತ್ತದೆ, ಇಳಿತ ಇಳಿಜಾರಿನ ಹಾಗೆ. ವ್ಯಾಸ್ಕುಲರ್‌ನಲ್ಲಿ ಮೊದಲು ಕೈಕೊಡುವುದು ಯೋಚನೆಯ ವೇಗ, ಯೋಜನೆ, ಗಮನ. ಸ್ಟ್ರೋಕುಗಳಿಂದ, ಅಂದರೆ ಮಿದುಳಿನ ರಕ್ತನಾಳ ಮುಚ್ಚಿ ಇಲ್ಲವೇ ಒಡೆದು ಆಗುವ ಪೆಟ್ಟುಗಳಿಂದ ಬಂದಿದ್ದರೆ ಇಳಿತ ಮೆಟ್ಟಿಲಿನ ಹಾಗೆ: ಕೆಲವು ತಿಂಗಳು ಹಾಗೇ ಇದ್ದು, ಒಂದು ದಿನ ದಡ್ಡನೆ ಒಂದು ಮೆಟ್ಟಿಲು ಕೆಳಗೆ.

"ಅರವತ್ತಕ್ಕೆ ಅರಳು ಮರಳು" ಅಂತ ಹಿರಿಯರೇ ಹೇಳಿದ್ದಾರೆ. ಇದಕ್ಕೂ ಆಸ್ಪತ್ರೆಗೆ ಹೋಗಬೇಕಾ?

ಹೋಗಬೇಕು. ಈ ಒಂದು ಗಾದೆಯಿಂದ ಆದಷ್ಟು ತಡ ಬೇರೆ ಯಾವುದರಿಂದಲೂ ಆಗಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ಮೂವತ್ತು ವರ್ಷ ಮಾಡಿದ ಕೆಲಸದ ಹಂತಗಳೇ ತಪ್ಪುವುದು, ಹಣದ ಲೆಕ್ಕ ಹಿಡಿತಕ್ಕೆ ಸಿಗದಿರುವುದು, ಮಾತಿನ ನಡುವೆ ಎಳೆ ಕಳಚುವುದು ಹಾಗಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಯಾವುದೋ ಮಾತ್ರೆಯ ಅಡ್ಡಪರಿಣಾಮ ಇವುಗಳಿಂದಲೂ ಹೀಗಾಗಬಹುದು, ಮತ್ತು ಇವನ್ನು ಸರಿಮಾಡಬಹುದು.

ಅಪ್ಪನಿಗೆ ಎಲ್ಲಾ ನೆನಪಿದೆ. ಆದರೂ ಡಿಮೆನ್ಷಿಯಾ ಅಂತಾರಲ್ಲ?

ನಾನೂ ಇದನ್ನೇ ಕೇಳಿದ್ದೆ, ಸ್ವಲ್ಪ ಸಿಟ್ಟಿನಲ್ಲೇ. ನಮ್ಮ ತಂದೆಗೆ ಬೆಳಿಗ್ಗೆ ಯಾರು ಬಂದಿದ್ದರು, ಏನು ಮಾತಾಡಿದರು ಎಲ್ಲ ಗೊತ್ತಿರುತ್ತಿತ್ತು. ಆದರೆ ವಾರದ ಮಾತ್ರೆಗಳನ್ನು ಡಬ್ಬಿಯ ಏಳು ಖಾನೆಗೆ ಹಾಕಲು ಕೂತರೆ, ಸೋಮವಾರದ ಖಾನೆಗೆ ಒಂದು ಮಾತ್ರೆ ಹಾಕಿ, ಉಳಿದ ಪಟ್ಟಿಯನ್ನು ಕೈಯಲ್ಲೇ ಹಿಡಿದು ಅರ್ಧ ಗಂಟೆ ಕೂತಿರುತ್ತಿದ್ದರು. ಮುಂದೇನು ಮಾಡಬೇಕು ಎಂಬುದು ಕೈಗೆ ಬರುತ್ತಿರಲಿಲ್ಲ. "ಫ್ಯಾನ್ ಹಾಕಲಾ ಅಪ್ಪಾ?" ಎಂದರೆ ಉತ್ತರವಿಲ್ಲ. ಬೇಡವೇನೋ ಎಂದುಕೊಂಡು ಬಾಗಿಲು ದಾಟಿದ ಮೇಲೆ ಹಿಂದಿನಿಂದ "ಹಾಕು" ಎಂಬ ದನಿ. ಎಷ್ಟೋ ತಿಂಗಳು ಅದನ್ನು ಬೇಕೆಂದೇ ಮಾಡುವ ಮೌನ ಎಂದುಕೊಂಡಿದ್ದೆ.

ಮಿದುಳಿನ ಮುಂಭಾಗಕ್ಕೂ ಆಳದ ಭಾಗಗಳಿಗೂ ನಡುವೆ ಓಡುವ ನರತಂತುಗಳು ಹಾಳಾದಾಗ ಹೀಗಾಗುತ್ತದೆ. ಸಂಗತಿ ಒಳಗಿರುತ್ತದೆ, ಅದು ಹೊರಬರುವ ದಾರಿ ಕೆಟ್ಟಿರುತ್ತದೆ. ಅದಕ್ಕೇ ಸ್ವಲ್ಪ ಸುಳಿವು ಕೊಟ್ಟರೆ ಇವರು ಥಟ್ಟನೆ ನೆನಪಿಸಿಕೊಳ್ಳುವುದುಂಟು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ನಮ್ಮ ಮನೆಯಲ್ಲಿ ಅರ್ಧ ಜಗಳ ಅದರಿಂದಲೇ ನಿಂತಿತು.

## ಯಾಕೆ ಬರುತ್ತದೆ

ಅವರಿಗೆ ಲಕ್ವ ಹೊಡೆದೇ ಇಲ್ಲ. ಮತ್ತೆ ಇದು ಹೇಗೆ ಬಂತು?

ಕೈಕಾಲು ಬೀಳದ, ಮಾತು ತೊದಲದ ಸ್ಟ್ರೋಕುಗಳೂ ಇವೆ. ಕಣ್ಣಿಗೆ ಕಾಣುವ ಸ್ಟ್ರೋಕಿಗಿಂತ ಇಂಥ ಮೌನ ಸ್ಟ್ರೋಕುಗಳೇ ಹಲವು ಪಟ್ಟು ಹೆಚ್ಚು. ಮಿದುಳಿನ ಆಳಕ್ಕೆ ಇಳಿಯುವ ರಕ್ತನಾಳಗಳು ಒಂದು ಮಿಲಿಮೀಟರಿಗಿಂತಲೂ ಸಪೂರ. ಅವುಗಳ ಗೋಡೆ ದಪ್ಪವಾಗಿ, ಬಿಗಿದು, ಒಳದಾರಿ ಕಿರಿದಾಗುತ್ತಾ ಹೋಗುತ್ತದೆ. ಒಂದು ಮುಚ್ಚಿಕೊಂಡರೆ ಅದು ಉಣಿಸುತ್ತಿದ್ದ ಜಾಗ ಸತ್ತು ಪುಟ್ಟ ಕುಳಿ ಉಳಿಯುತ್ತದೆ. ಇದಕ್ಕೆ ಲಕೂನ್ ಎನ್ನುತ್ತಾರೆ, ಅಳತೆ ಸುಮಾರು 3ರಿಂದ 15 ಮಿಲಿಮೀಟರ್. ಒಂದಾದರೆ ಗೊತ್ತೂ ಆಗದು, ಹತ್ತಾರು ಸೇರಿದಾಗ ಮನುಷ್ಯ ಬದಲಾಗುತ್ತಾನೆ. ಪೂರ್ತಿ ಮುಚ್ಚದೆ ಹರಿವು ಕುಗ್ಗಿದ ಕಡೆ ಬಿಳಿ ನರತಂತುಗಳ ಕವಚ ಹಾಳಾಗುತ್ತದೆ. ಈ ಬಗೆಯನ್ನು 1894ರಲ್ಲೇ ಒಟ್ಟೊ ಬಿನ್ಸ್‌ವಾಂಗರ್ ವಿವರಿಸಿದ್ದರು. ಅಂದರೆ ಆಲೋಯಿಸ್ ಆಲ್‌ಝೈಮರ್ ತಮ್ಮ ಹೆಸರಿನ ಕಾಯಿಲೆಯನ್ನು ಮುಂದಿಟ್ಟ 1906ಕ್ಕಿಂತಲೂ ಹನ್ನೆರಡು ವರ್ಷ ಮೊದಲು.

ಒಂದೇ ಒಂದು ಸ್ಟ್ರೋಕ್, ಅದೂ ಚಿಕ್ಕದು ಅಂದರು. ಅಷ್ಟಕ್ಕೇ ಹೀಗಾಗುತ್ತಾ?

ಎಲ್ಲಿ ಆಯಿತು ಎಂಬುದು ಗಾತ್ರಕ್ಕಿಂತ ಮುಖ್ಯವಾಗಬಹುದು. ಮಿದುಳಿನ ನಟ್ಟನಡುವಿನ ಥಲಮಸ್ ಹಲವು ದಾರಿಗಳು ಕೂಡುವ ಜಾಗ. ಅಲ್ಲಿ ಕಡಲೆಕಾಳಿನಷ್ಟು ಹಾನಿಯಾದರೂ ರಾತ್ರಿ ಬೆಳಗಾಗುವುದರೊಳಗೆ ಮಂಪರು, ಗೊಂದಲ, ನಿರಾಸಕ್ತಿ ಆವರಿಸಬಹುದು. ಇನ್ನು ಒಟ್ಟಾರೆ ನೋಡಿದರೆ, ಮೊದಲ ಸ್ಟ್ರೋಕಿನ ನಂತರ ಸುಮಾರು ಹತ್ತರಲ್ಲಿ ಒಬ್ಬರಿಗೆ ಡಿಮೆನ್ಷಿಯಾ ಕಾಣಿಸಿಕೊಳ್ಳುತ್ತದೆ. ಸ್ಟ್ರೋಕ್ ಮರುಕಳಿಸಿದವರಲ್ಲಿ ಇದು ಮೂರರಲ್ಲಿ ಒಬ್ಬರನ್ನೂ ಮೀರುತ್ತದೆ. ಎರಡನೆಯ ಸ್ಟ್ರೋಕನ್ನು ತಡೆಯಿರಿ ಎಂದು ನಾನು ಎಲ್ಲರ ಹತ್ತಿರ ಗೋಗರೆಯುವುದು ಈ ಎರಡು ಸಂಖ್ಯೆಗಳನ್ನು ನೋಡಿಯೇ.

ಬಿಪಿಗೂ ಮರೆವಿಗೂ ಏನು ಸಂಬಂಧ?

ಎಲ್ಲ ಕಾರಣಗಳಲ್ಲಿ ನಮ್ಮ ಕೈಲಿರುವ ದೊಡ್ಡ ಕಾರಣ ಇದೇ. ಪ್ರತಿ ಬಡಿತಕ್ಕೂ ಜೋರಾಗಿ ಅಪ್ಪಳಿಸುವ ರಕ್ತವನ್ನು ದೊಡ್ಡ ರಕ್ತನಾಳಗಳು ಹಿಗ್ಗಿ ತಾಳಿಕೊಳ್ಳುತ್ತವೆ. ಅವು ಗಡುಸಾದರೆ ಆ ಪೆಟ್ಟು ನೇರವಾಗಿ ಮಿದುಳಿನೊಳಗಿನ ಎಳೆಯಂಥ ನಾಳಗಳಿಗೆ ಮುಟ್ಟುತ್ತದೆ. ನಲವತ್ತರಿಂದ ಅರವತ್ತೈದರ ನಡುವೆ ಹಿಡಿತದಲ್ಲಿಲ್ಲದ ಬಿಪಿಯ ಫಲ ಎಪ್ಪತ್ತೈದರಲ್ಲಿ ಕಾಣುತ್ತದೆ. ನಡುವಿನ ಅಷ್ಟೂ ವರ್ಷ ತಲೆನೋವೂ ಇರದೆ ಹೋಗಬಹುದು. "ಏನೂ ತೊಂದರೆಯಿಲ್ಲ" ಎಂದು ಮಾತ್ರೆ ಬಿಟ್ಟವರ ಮನೆಗಳಿಂದಲೇ ನನಗೆ ಬರುವ ಕಾಗದಗಳಲ್ಲಿ ಬಹುಪಾಲು ಬಂದಿವೆ.

ಶುಗರ್, ಸಿಗರೇಟು, ಕೊಲೆಸ್ಟರಾಲ್ ಇವೆಲ್ಲಾ ಸೇರುತ್ತವಾ?

ಸೇರುತ್ತವೆ. ಹೃದಯಕ್ಕೆ ಕೆಟ್ಟದ್ದು ಮಿದುಳಿಗೂ ಕೆಟ್ಟದ್ದು. ಬೊಜ್ಜು, ಮೈ ಆಡಿಸದ ಬದುಕು, ವಿಪರೀತ ಕುಡಿತ, ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಕೂಡ ಈ ಪಟ್ಟಿಯಲ್ಲಿವೆ. ಹೆಚ್ಚಿನವರು ಕೇಳದ ಒಂದನ್ನು ನಾನೇ ಸೇರಿಸುತ್ತೇನೆ: ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎದೆಬಡಿತ ತಾಳ ತಪ್ಪುವುದು. ಹೃದಯದ ಮೇಲ್ಕೋಣೆ ಸರಿಯಾಗಿ ಕುಗ್ಗದೆ ನಡುಗುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಟ್ಟಿ ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸ್ಟ್ರೋಕಿನ ಅಪಾಯವನ್ನು ಇದು ಸುಮಾರು ಐದು ಪಟ್ಟು ಹೆಚ್ಚಿಸುತ್ತದೆ. ಮಣಿಕಟ್ಟಿನ ನಾಡಿ ಹಿಡಿದಾಗ ಬಡಿತ ಎರ್ರಾಬಿರ್ರಿ ಎನಿಸಿದರೆ ಇಸಿಜಿ ಮಾಡಿಸಿ.

ಅಮ್ಮನಿಗೆ ಬಂದಿದೆ. ನನಗೂ ಬರುತ್ತಾ?

ಬಹುತೇಕ ಮನೆಗಳಲ್ಲಿ ಈ ಕಾಯಿಲೆ ನೇರವಾಗಿ ವಂಶದಲ್ಲಿ ಇಳಿಯುವುದಿಲ್ಲ. ಬಿಪಿ, ಶುಗರ್ ಬರುವ ಸ್ವಭಾವ ಇಳಿಯುತ್ತದೆ, ಅದನ್ನು ಹಿಡಿತದಲ್ಲಿಡಬಹುದು. ಅಪರೂಪಕ್ಕೆ ಕ್ಯಾಡಸಿಲ್ ಎಂಬ ಬಗೆ ಇದೆ. ನಾಚ್3 ಎಂಬ ಜೀನಿನ ದೋಷದಿಂದ ಬರುವ ಇದರಲ್ಲಿ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ 50. ಈ ಜೀನನ್ನು 1996ರಲ್ಲಿ ಗುರುತಿಸಿದರು. ಚಿಕ್ಕ ವಯಸ್ಸಿನಿಂದಲೇ ಕಣ್ಣಮುಂದೆ ಮಿಂಚಿನ ಗೆರೆ ಕಾಣುವ ಮೈಗ್ರೇನ್, ಬಿಪಿ ಇಲ್ಲದಿದ್ದರೂ ಐವತ್ತರೊಳಗೆ ಸ್ಟ್ರೋಕು ಮನೆಯ ಹಲವರಲ್ಲಿ ಕಂಡಿದ್ದರೆ ಮಾತ್ರ ಆ ಪರೀಕ್ಷೆಯ ಮಾತು.

ನಾವು ಸರಿಯಾಗಿ ನೋಡಿಕೊಳ್ಳದೇ ಇದ್ದುದಕ್ಕೆ ಬಂತಾ?

ಇಲ್ಲ. ಈ ಹಾನಿ ಹತ್ತಿಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದೆ ನಡೆದಿರುತ್ತದೆ. ನೀವು ಆಡಿದ ಒಂದು ಬಿರುಸು ಮಾತಿನಿಂದ ಅದು ಬಂದದ್ದಲ್ಲ.

## ಪತ್ತೆ ಹಚ್ಚುವುದು

ಸ್ಕ್ಯಾನ್ ಮಾಡಿಸಿದರೆ ಗೊತ್ತಾಗಿಬಿಡುತ್ತಾ? ರಿಪೋರ್ಟ್ ಓದಿದರೆ ಒಂದೂ ಅರ್ಥವಾಗುವುದಿಲ್ಲ.

ಸ್ಕ್ಯಾನ್ ಒಂದರಿಂದಲೇ ಆಗದು. ಎಂಆರ್‌ಐಯಲ್ಲಿ ಬಿಳಿ ಕಲೆಗಳಿದ್ದೂ ಚುರುಕಾಗಿರುವ ಹಿರಿಯರು ಬೇಕಾದಷ್ಟಿದ್ದಾರೆ. ಚಿತ್ರದಲ್ಲಿರುವ ಹಾನಿಗೂ ಮನುಷ್ಯನಲ್ಲಿ ಕಾಣುವ ತೊಂದರೆಗೂ ತಾಳೆಯಾಗಬೇಕು. ಆ ತಾಳೆ ನೋಡುವುದಕ್ಕೆ ನಿಮ್ಮ ಮಾತು ಬೇಕು: ಯಾವಾಗ ಶುರುವಾಯಿತು, ಒಮ್ಮೆಗೇ ಆಯಿತಾ, ನಡುವೆ ಬಿದ್ದಿದ್ದರಾ? ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ರಿಪೋರ್ಟಿನ ಪದಗಳು ಹೀಗೆ. ಇನ್‌ಫಾರ್ಕ್ಟ್ ಎಂದರೆ ರಕ್ತ ಸಿಗದೆ ಸತ್ತ ಜಾಗ. ವೈಟ್ ಮ್ಯಾಟರ್ ಹೈಪರ್‌ಇಂಟೆನ್ಸಿಟಿ ಎಂದರೆ ಸಣ್ಣ ನಾಳಗಳ ಸವೆತದಿಂದ ಬಿಳಿಯಾಗಿ ಕಾಣುವ ಭಾಗ. ಅದರ ಪಕ್ಕದಲ್ಲಿ ಫಜೆಕಸ್ 1, 2 ಅಥವಾ 3 ಎಂದಿರುತ್ತದೆ. 1 ಎಂದರೆ ಅಲ್ಲಲ್ಲಿ ಚುಕ್ಕೆ, ವಯಸ್ಸಾದವರಲ್ಲಿ ಸಾಮಾನ್ಯ. 3 ಎಂದರೆ ಕಲೆಗಳು ಕೂಡಿಕೊಂಡು ಹರಡಿವೆ ಎಂದರ್ಥ. ಮೈಕ್ರೋಬ್ಲೀಡ್ ಎಂದರೆ ಚುಕ್ಕೆಯಷ್ಟು ರಕ್ತ ಜಿನುಗಿದ ಗುರುತು.

ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 27 ಬಂತು, ನಾರ್ಮಲ್ ಅಂದರು. ಮನೆಯಲ್ಲಿ ನೋಡಿದರೆ ಹಾಗಿಲ್ಲ.

ಯಾವ ಪರೀಕ್ಷೆ ಎಂದು ಕೇಳಿ. 1975ರಿಂದ ಬಳಕೆಯಲ್ಲಿರುವ ಎಂಎಂಎಸ್‌ಇ ದಿನಾಂಕ, ಜಾಗ, ಪದಗಳ ನೆನಪಿನ ಕಡೆ ಹೆಚ್ಚು ವಾಲುತ್ತದೆ. ಯೋಜನೆಯ ಕುಸಿತ ಅದರ ಬಲೆಗೆ ಬೀಳದೆ ತಪ್ಪಿಸಿಕೊಳ್ಳಬಹುದು. 2005ರಲ್ಲಿ ಬಂದ ಮೋಕಾ ಪರೀಕ್ಷೆಯಲ್ಲಿ ಗಡಿಯಾರ ಬರೆಯುವುದು, ಅಂಕಿ ಅಕ್ಷರಗಳನ್ನು ಸರದಿಯಲ್ಲಿ ಗೆರೆ ಎಳೆದು ಸೇರಿಸುವುದು ಇದೆ. ಈ ಕಾಯಿಲೆಗೆ ಅದೇ ಹೆಚ್ಚು ಹೊಂದುತ್ತದೆ.

ನಿನ್ನೆ ಚೆನ್ನಾಗಿದ್ದರು, ಇವತ್ತು ಪೂರ್ತಿ ಗೊಂದಲ. ಕಾಯಿಲೆ ಜಾಸ್ತಿಯಾಯಿತಾ?

ಮೊದಲು ಮುಖ, ಕೈ, ಮಾತು ನೋಡಿ. ನಗಲು ಹೇಳಿದರೆ ಬಾಯಿ ಸೊಟ್ಟಗಾಗುತ್ತಿದೆಯಾ, ಎರಡೂ ಕೈ ಎತ್ತಿದರೆ ಒಂದು ಜಾರುತ್ತಿದೆಯಾ, ಮಾತು ತೊದಲುತ್ತಿದೆಯಾ? ಒಂದಾದರೂ ಹೌದಾದರೆ ಆ ಕ್ಷಣವೇ ಆಂಬುಲೆನ್ಸ್. ದೊಡ್ಡ ರಕ್ತನಾಳ ಮುಚ್ಚಿದ ಸ್ಟ್ರೋಕಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲಕ್ಷಣ ಹತ್ತೇ ನಿಮಿಷದಲ್ಲಿ ಮಾಯವಾದರೂ ಬಿಡಬೇಡಿ, ಅದು ಟಿಐಎ, ಅಂದರೆ ರಕ್ತದ ಹರಿವು ಸ್ವಲ್ಪ ಹೊತ್ತು ಮಾತ್ರ ತಡೆದು ಬಿಡುವ ಕಿರು ಸ್ಟ್ರೋಕು ಇರಬಹುದು, ಬರಲಿರುವ ದೊಡ್ಡದರ ಮುನ್ಸೂಚನೆ.

ಅವ್ಯಾವುವೂ ಇಲ್ಲದೆ ಬರೀ ಗೊಂದಲವಿದ್ದರೆ ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನಂಶದ ಕೊರತೆ, ಸೋಡಿಯಂ ಇಳಿದಿರುವುದು, ಮಲಬದ್ಧತೆ, ಹೊಸ ಮಾತ್ರೆ ಇವುಗಳಲ್ಲಿ ಯಾವುದೋ ಇರಬಹುದು. ಇದನ್ನು ಡೆಲಿರಿಯಂ ಎನ್ನುತ್ತಾರೆ. ಇದಕ್ಕೂ ಅದೇ ದಿನ ವೈದ್ಯರು ಬೇಕು. ಕಾರಣಕ್ಕೆ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ.

## ಚಿಕಿತ್ಸೆ

ವಾಸಿಯಾಗುತ್ತಾ?

ಸತ್ತ ಭಾಗ ಮರಳಿ ಬರುವುದಿಲ್ಲ. ಮುಂದಿನ ಪೆಟ್ಟನ್ನು ತಡೆಯಬಹುದು, ಅದೂ ಸಾಧಾರಣ, ಹಳೆಯ ಮಾತ್ರೆಗಳಿಂದಲೇ. ಸ್ಟ್ರೋಕಿನ ನಂತರದ ಮೊದಲ ತಿಂಗಳುಗಳಲ್ಲಿ ಉಳಿದ ಮಿದುಳು ಹೊಸ ದಾರಿ ಹುಡುಕಿಕೊಂಡು ಒಂದಿಷ್ಟು ಸುಧಾರಣೆ ಆಗುವುದೂ ಇದೆ. ಫಿಸಿಯೋಥೆರಪಿ, ಮಾತಿನ ಅಭ್ಯಾಸ ಆಗಲೇ ಶುರುವಾದರೆ ಒಳ್ಳೆಯದು.

ಡೊನೆಪೆಜಿಲ್ ಬರೆದುಕೊಟ್ಟಿದ್ದಾರೆ. ಪ್ರಯೋಜನ ಇದೆಯಾ?

ಡೊನೆಪೆಜಿಲ್, ಗ್ಯಾಲಂಟಮೀನ್, ಮೆಮಾಂಟೀನ್ ಆಲ್‌ಝೈಮರ್‌ಗಾಗಿ ಬಂದ ಔಷಧಿಗಳು. ವ್ಯಾಸ್ಕುಲರ್ ಬಗೆಯಲ್ಲಿ ಪರೀಕ್ಷೆಯ ಅಂಕ ಸ್ವಲ್ಪ ಏರುತ್ತದೆ, ದಿನದ ಬದುಕಿನಲ್ಲಿ ವ್ಯತ್ಯಾಸ ಹೆಚ್ಚಾಗಿ ಕಾಣದು. ಎರಡೂ ಕಾಯಿಲೆ ಬೆರೆತಿರುವಾಗ ಕೊಡಲು ಹೆಚ್ಚು ಅರ್ಥವಿದೆ. ನಾಡಿಬಡಿತ ನಿಧಾನವಾಗುವುದು, ವಾಕರಿಕೆ, ಬೇಧಿ ಕಂಡರೆ ತಿಳಿಸಿ.

ಬಿಪಿ ಎಷ್ಟಕ್ಕೆ ಇಳಿಸಬೇಕು?

2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ 50 ದಾಟಿದ 9,000ಕ್ಕೂ ಹೆಚ್ಚು ಜನರಿದ್ದರು. ಮೇಲಿನ ಬಿಪಿಯನ್ನು 140ರೊಳಗೆ ಇಡುವ ಬದಲು 120ರೊಳಗೆ ಇಟ್ಟವರಲ್ಲಿ ಸೌಮ್ಯ ಅರಿವಿನ ಕುಸಿತ ಕಡಿಮೆಯಾಗಿತ್ತು. ಪೂರ್ಣ ಡಿಮೆನ್ಷಿಯಾ ವಿಷಯದಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಸಕ್ಕರೆ ಕಾಯಿಲೆ ಇದ್ದವರು, ಸ್ಟ್ರೋಕ್ ಆಗಿದ್ದವರು ಅದರಲ್ಲಿ ಇರಲಿಲ್ಲ. ಆದ್ದರಿಂದ ಎಂಬತ್ತೈದರ, ಎದ್ದರೆ ತಲೆಸುತ್ತುವ ಹಿರಿಯರಿಗೆ ಅದೇ ಗುರಿ ಹೊಂದಬೇಕೆಂದಿಲ್ಲ. ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಅಳೆದು ಎರಡನ್ನೂ ವೈದ್ಯರಿಗೆ ತೋರಿಸಿ. ಬಿದ್ದು ತೊಡೆಮೂಳೆ ಮುರಿದರೆ ಕಷ್ಟ ಎರಡಾಗುತ್ತದೆ.

ರಕ್ತ ತೆಳುವಾಗಲಿ ಅಂತ ಆಸ್ಪಿರಿನ್ ನಾವೇ ಶುರು ಮಾಡಬಹುದಾ?

ದಯವಿಟ್ಟು ಬೇಡ. ನಾಳ ಮುಚ್ಚಿ ಆದ ಸ್ಟ್ರೋಕಿಗೆ ಅದು ರಕ್ಷೆ, ನಾಳ ಒಡೆದು ಆದದ್ದಕ್ಕೆ ಅಪಾಯ.

## ಮನೆಯಲ್ಲಿ

ಇಡೀ ದಿನ ಸುಮ್ಮನೆ ಕೂತಿರುತ್ತಾರೆ. ಸೋಮಾರಿತನವಾ, ಬೇಜಾರಾ?

ಎರಡೂ ಅಲ್ಲದೆ ಇರಬಹುದು. "ಈಗ ಎದ್ದು ಇದನ್ನು ಮಾಡೋಣ" ಎಂಬ ಕಿಡಿ ಹೊತ್ತಿಸುವ ಮಿದುಳಿನ ಭಾಗವೇ ಹಾಳಾದಾಗ ಬರುವ ನಿರಾಸಕ್ತಿಗೆ ಅಪಥಿ ಎನ್ನುತ್ತಾರೆ. ಖಿನ್ನತೆಯಲ್ಲಿ ದುಃಖವಿರುತ್ತದೆ, ಅಳು, "ನನ್ನಿಂದ ಭಾರ" ಎಂಬ ಮಾತು ಇರುತ್ತದೆ. ಅಪಥಿಯಲ್ಲಿ ಅದಿಲ್ಲ, ಶುರು ಮಾಡಲು ಆಗದು ಅಷ್ಟೇ. ಖಿನ್ನತೆಗೆ ಔಷಧಿಯುಂಟು, ಈ ಕಾಯಿಲೆಯಲ್ಲಿ ಅದೂ ಸಾಮಾನ್ಯ, ಹಾಗಾಗಿ ತಪಾಸಣೆ ಮಾಡಿಸಿ. ಅಪಥಿಗೆ ನಮ್ಮ ಅನುಭವದಲ್ಲಿ ಕೆಲಸ ಮಾಡಿದ್ದು ಒಟ್ಟಿಗೆ ಶುರು ಮಾಡುವುದು. "ವಾಕಿಂಗ್ ಹೋಗ್ತೀರಾ?" ಎಂದರೆ ತಂದೆ "ಬೇಡ" ಎನ್ನುತ್ತಿದ್ದರು. ಚಪ್ಪಲಿ ತಂದು ಕಾಲ ಹತ್ತಿರ ಇಟ್ಟು ಕೈ ಚಾಚಿದರೆ ಎದ್ದು ಬರುತ್ತಿದ್ದರು.

ಚಿಕ್ಕ ಮಾತಿಗೂ ಅತ್ತುಬಿಡುತ್ತಾರೆ, ಒಂದು ನಿಮಿಷಕ್ಕೆ ಸರಿಹೋಗುತ್ತಾರೆ.

ಅಳು, ನಗುವಿನ ಮೇಲಿನ ಹಿಡಿತ ತಪ್ಪಿದೆ. ಒಳಗೆ ಅಷ್ಟು ದುಃಖ ಇರಬೇಕೆಂದಿಲ್ಲ. ಸಮಾಧಾನ ಮಾಡಲು ಹೋದರೆ ಅವರಿಗೆ ಇನ್ನೂ ಮುಜುಗರ. ಮಾತು ಬೇರೆ ಕಡೆ ತಿರುಗಿಸಿ. ಹೆಚ್ಚಾದರೆ ಇದಕ್ಕೂ ಔಷಧಿಯಿದೆ.

ರಾತ್ರಿಯೆಲ್ಲಾ ಗಲಾಟೆ. ನಿದ್ದೆ ಮಾತ್ರೆ ಕೊಟ್ಟುಬಿಡೋಣವಾ?

ಮೊದಲು ನೋವು, ಮೂತ್ರ, ಹಸಿವು, ಹಗಲು ನಿದ್ದೆ, ಕತ್ತಲು ಇವನ್ನು ನೋಡಿ. ನಿದ್ದೆ ಮಾತ್ರೆಯಿಂದ ಬೀಳುವುದು, ಗೊಂದಲ ಹೆಚ್ಚು. ಇನ್ನು ಆಂಟಿಸೈಕೋಟಿಕ್ ಎಂಬ ಮನೋರೋಗದ ಮಾತ್ರೆಗಳು: ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತು. ಬೇರೆ ದಾರಿಯಿಲ್ಲದೆ ಕೊಡಬೇಕಾದಾಗಲೂ ಕಡಿಮೆ ಪ್ರಮಾಣ, ಕಡಿಮೆ ದಿನ. ಯಾವಾಗ ನಿಲ್ಲಿಸುವುದು ಎಂದು ಶುರು ಮಾಡುವ ದಿನವೇ ಕೇಳಿ.

## ಇನ್ನಷ್ಟು ಆಳಕ್ಕೆ

ಕಾಲು ನೆಲಕ್ಕೆ ಅಂಟಿದ ಹಾಗೆ ನಡೆಯುತ್ತಾರೆ, ಮೂತ್ರವೂ ತಡೆಯಲಾಗುವುದಿಲ್ಲ. ಪಾರ್ಕಿನ್ಸನ್ ಮಾತ್ರೆ ಕೊಟ್ಟರೂ ಫಲವಿಲ್ಲ.

ಸಣ್ಣ ನಾಳಗಳ ಕಾಯಿಲೆಯಲ್ಲಿ ಮರೆವಿಗಿಂತ ಮೊದಲೇ ಇವೆರಡು ಬರಬಹುದು. ಕೈಯಲ್ಲಿ ನಡುಕವಿಲ್ಲದೆ, ಸೊಂಟದ ಕೆಳಗೆ ಮಾತ್ರ ತೊಂದರೆಯಿದ್ದು, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಮಾತ್ರೆಗೆ ಸ್ಪಂದನೆ ಇಲ್ಲದಿದ್ದರೆ ಈ ಅನುಮಾನ ಬಲವಾಗುತ್ತದೆ. ಆದರೆ ಇನ್ನೊಂದನ್ನು ಕೇಳದೆ ಬರಬೇಡಿ: ನಾರ್ಮಲ್ ಪ್ರೆಶರ್ ಹೈಡ್ರೊಸೆಫಲಸ್ ಇರಬಹುದಾ? ಮಿದುಳಿನ ಒಳಕೋಣೆಗಳಲ್ಲಿ ದ್ರವ ತುಂಬುವ ಅದರಲ್ಲೂ ನಡಿಗೆ, ಮೂತ್ರ, ಮರೆವು ಮೂರೂ ಕೆಡುತ್ತವೆ, ಮತ್ತು ಆ ದ್ರವವನ್ನು ಕೊಳವೆಯಿಂದ ಹೊರಗೆ ಹರಿಸುವ ಶಂಟ್ ಶಸ್ತ್ರಚಿಕಿತ್ಸೆಯಿಂದ ಕೆಲವರು ಸುಧಾರಿಸುತ್ತಾರೆ. ಮೂತ್ರ ತಡೆಯಲೆಂದು ಕೊಡುವ ಆಕ್ಸಿಬ್ಯುಟಿನಿನ್‌ನಂಥ ಮಾತ್ರೆಗಳು ಗೊಂದಲವನ್ನು ಹೆಚ್ಚಿಸಬಲ್ಲವು, ಅದನ್ನೂ ಪ್ರಸ್ತಾಪಿಸಿ.

"ಮಿಕ್ಸೆಡ್ ಡಿಮೆನ್ಷಿಯಾ" ಅಂತ ಬರೆದಿದ್ದಾರೆ. ಎರಡೆರಡು ಕಾಯಿಲೆಯಾ?

ಹೌದು, ಮತ್ತು ವಯಸ್ಸಾದವರಲ್ಲಿ ಇದೇ ಹೆಚ್ಚು ಎನ್ನಬಹುದು. ಸನ್ಯಾಸಿನಿಯರ ಮಿದುಳುಗಳನ್ನು ಮರಣಾನಂತರ ಪರೀಕ್ಷಿಸಿದ ಅಮೆರಿಕದ ನನ್ ಸ್ಟಡಿ 1997ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿತು: ಮಿದುಳಿನಲ್ಲಿ ಆಲ್‌ಝೈಮರ್‌ನ ಗುರುತುಗಳಿದ್ದವರ ಪೈಕಿ, ಜೊತೆಗೆ ಸಣ್ಣ ಸ್ಟ್ರೋಕುಗಳೂ ಆಗಿದ್ದವರಲ್ಲಿ ಬದುಕಿದ್ದಾಗ ಡಿಮೆನ್ಷಿಯಾ ಕಾಣಿಸಿಕೊಂಡದ್ದು ಬಹಳ ಹೆಚ್ಚು. ಹಾಗಾಗಿ ಆಲ್‌ಝೈಮರ್ ಎಂದು ಗೊತ್ತಾದ ಮೇಲೂ ಬಿಪಿ, ಶುಗರ್ ಹಿಡಿತ ಬಿಡಬಾರದು.

ಆಲ್‌ಝೈಮರ್‌ಗೆ ಬಂದಿರುವ ಹೊಸ ಇಂಜೆಕ್ಷನ್ ನಮಗೂ ಕೊಡಿಸಬಹುದಾ?

ಲೆಕನೆಮಾಬ್‌ಗೆ 2023ರಲ್ಲಿ, ಡೊನನೆಮಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅವು ಅಮಿಲಾಯ್ಡ್ ತೆಗೆಯುತ್ತವೆ. ಶುದ್ಧ ವ್ಯಾಸ್ಕುಲರ್ ಬಗೆಯಲ್ಲಿ ತೆಗೆಯಬೇಕಾದ್ದೇ ಇರುವುದಿಲ್ಲ. ಮಿದುಳಿನಲ್ಲಿ ಬಾವು, ರಕ್ತಸ್ರಾವ ಅವುಗಳ ದೊಡ್ಡ ಅಡ್ಡಪರಿಣಾಮ. ಮೈಕ್ರೋಬ್ಲೀಡುಗಳು ಹೆಚ್ಚಿದ್ದವರನ್ನು ಪ್ರಯೋಗಕ್ಕೇ ಸೇರಿಸಿಕೊಂಡಿರಲಿಲ್ಲ. ಈ ಆಸೆಗೆ ಮನೆ ಅಡವಿಡಬೇಡಿ.

ಮುಂದೆ ಹೇಗೆ? ಎಷ್ಟು ವರ್ಷ?

ಇಷ್ಟೇ ಎಂದು ಯಾರೂ ಹೇಳಲಾರರು. ಪತ್ತೆಯಾದ ಮೇಲೆ ಸರಾಸರಿ ಸುಮಾರು ಐದು ವರ್ಷ ಎನ್ನುವುದುಂಟು, ಅದನ್ನು ಮೀರಿ ಬಾಳಿದವರೂ ಅನೇಕ. ಹೆಚ್ಚಿನವರನ್ನು ಕೊನೆಗೆ ಕರೆದೊಯ್ಯುವುದು ಇನ್ನೊಂದು ಸ್ಟ್ರೋಕು, ಹೃದಯಾಘಾತ ಅಥವಾ ನ್ಯುಮೋನಿಯಾ. ನುಂಗುವ ಶಕ್ತಿ ಕುಗ್ಗಿದಾಗ ಆಹಾರ ಶ್ವಾಸನಾಳಕ್ಕೆ ಇಳಿಯುತ್ತದೆ. ಊಟದ ನಡುವೆ ಕೆಮ್ಮು ಶುರುವಾದರೆ ಅದನ್ನು ಸಣ್ಣದೆಂದು ಬಿಡಬೇಡಿ. ನೆಟ್ಟಗೆ ಕೂರಿಸಿ, ಸಣ್ಣ ಸಣ್ಣ ತುತ್ತು ಕೊಡಿ, ನುಂಗುವ ತೊಂದರೆ ನೋಡುವ ತಜ್ಞರಿಗೆ ತೋರಿಸಿ.

ಹಣಕಾಸು, ಸಹಿ, ಕೊನೆಗಾಲದಲ್ಲಿ ಐಸಿಯು ಬೇಕೇ ಬೇಡವೇ ಎಂಬ ಮಾತನ್ನು ಅವರು ಹೇಳಬಲ್ಲವರಾಗಿರುವಾಗಲೇ ಅವರನ್ನೇ ಕೇಳಿ. ನಾನು ಒಂದು ಸಂಜೆ ತಂದೆಯನ್ನು ಕೇಳಿದೆ. ಈ ಸಲ ಉತ್ತರ ಬರುವ ಮೊದಲೇ ನಾನು ಎದ್ದು ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಹೇಳಿದರು, "ಮನೇಲೇ ಇರ್ತೀನಿ." ಹಾಗೇ ಮಾಡಿದೆವು.